ಒಂದೇ ಸೂರಿನ ವರ್ಷ

ಏರಿ ಚರ್ಚಿನ ಬೀಗದ ಕೈ ಯೊಜೀನಾ ಕೊಪ್ಮೆಲ್ಸಳ ಅಡುಗೆಮನೆಯ ಮೊಳೆಗೆ ಮೂವತ್ತೊಂದು ವರ್ಷ ನೇತಾಡಿತು. ಅದಕ್ಕೂ ಮೊದಲು ಅವಳ ತಾಯಿಯ ಕಾಲದಲ್ಲಿ ಅದೇ ಮೊಳೆಗೆ ಇಪ್ಪತ್ತು ವರ್ಷ ನೇತಾಡಿತ್ತು. ತಾಯಿ ಸತ್ತ ವಾರವೇ ಸಭೆಯ ಹಿರಿಯರು ಮನೆಗೆ ಬಂದು, ಕಾಫಿ ಕುಡಿದು, “ಇನ್ನು ನೀನೇ ನೋಡ್ಕೋತೀಯಲ್ಲ” ಅಂದರು. ಕೇಳಿದ್ದಲ್ಲ, ಹೇಳಿದ್ದು. ಯೊಜೀನಾಗೆ ಆಗ ಮೂವತ್ತೆರಡು. ಮದುವೆಯಾಗಿರಲಿಲ್ಲ, ಮುಂದೆ ಆಗಲೂ ಇಲ್ಲ. ಶನಿವಾರ ಚರ್ಚಿನ ಹೀಟರ್ ಹಚ್ಚುವುದು, ಮರುದಿನದ ಹಾಡುಗಳ ನಂಬರನ್ನು ಗೋಡೆಯ ಹಲಗೆಗೆ ಸಿಕ್ಕಿಸುವುದು, ಪಾದ್ರಿಗೆ ಒಂದು ಲೋಟ ನೀರಿಡುವುದು, ಆರಾಧನೆ ಮುಗಿದ ಮೇಲೆ ಮೂವತ್ತೈದು ಜನಕ್ಕೆ ಕಾಫಿ ಕೊಡುವುದು, ಅವರೆಲ್ಲ ಹೋದ ಮೇಲೆ ಬೆಂಚಿನಡಿಯ ಪೆಪ್ಪರ್‌ಮಿಂಟ್ ಕಾಗದ ಗುಡಿಸುವುದು, ಇಷ್ಟರಲ್ಲೇ ಅವಳ ಆಯುಷ್ಯ ಸವೆಯಿತು. ಅವಳಿಗೆ ಅದರ ಬಗ್ಗೆ ದೂರೇನೂ ಇರಲಿಲ್ಲ.

ನಮ್ಮ ವೆಸ್ಟರ್‌ಕ್ರೇಕ್‌ಗೆ ಇರುವುದು ಒಂದೇ ಬೀದಿ. ಚರ್ಚು ಮಾತ್ರ ಎರಡು. ಊರ ನಡುವೆ ಎತ್ತರದ ಗೋಪುರ ಚರ್ಚು, ಬೀದಿಯ ತುದಿಯಲ್ಲಿ ಸಮುದ್ರದ ಏರಿಗೆ ಬೆನ್ನು ಕೊಟ್ಟು ಕೂತ ಇಟ್ಟಿಗೆಯ ಏರಿ ಚರ್ಚು. ಮುತ್ತಜ್ಜಂದಿರ ಕಾಲದಲ್ಲಿ ಯಾವುದೋ ಮಾತಿಗೆ ಜಗಳವಾಡಿ ಬೇರೆಯಾದವರು ಇವರು. ಯಾವ ಮಾತಿಗೆ ಎಂದು ಈಗ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಆದರೂ ಗೋಪುರದವರ ಬೇಕರಿಯ ಬ್ರೆಡ್ಡು ಏರಿಯವರ ಬಾಯಿಗೆ ಹೋಗುತ್ತಿರಲಿಲ್ಲ, ಏರಿಯವರ ಅಂಗಡಿಯ ಚೀಸು ಗೋಪುರದವರ ಮೂಗಿಗೆ ಆಗುತ್ತಿರಲಿಲ್ಲ. ಆ ಬೇಕರಿಯೂ ಆ ಅಂಗಡಿಯೂ ಬಾಗಿಲು ಹಾಕಿ ಎಲ್ಲರೂ ಪಕ್ಕದ ಪಟ್ಟಣದ ಸೂಪರ್ ಮಾರ್ಕೆಟ್ಟಿನ ಬ್ರೆಡ್ಡನ್ನೇ ತಿನ್ನುವ ಕಾಲ ಬಂದರೂ ಮುನಿಸು ಹಾಗೇ ಉಳಿಯಿತು.

ಏರಿಯವರ ಮುನಿಸಿಗೆ ಸದ್ದಿಲ್ಲ. ಸಿಟ್ಟು ಬಂದರೆ ಅವರು ಕೂಗುವವರಲ್ಲ, ಮಾತು ನಿಲ್ಲಿಸುವವರು. ಅಣ್ಣತಮ್ಮಂದಿರು ಒಂದು ಬೇಲಿಯ ವಿಷಯಕ್ಕೆ ಇಪ್ಪತ್ತಾರು ವರ್ಷ ಒಂದೇ ಬೆಂಚಿನಲ್ಲಿ ಕೂತು ಒಂದು ಮಾತಾಡದ ಉದಾಹರಣೆ ಅಲ್ಲಿದೆ. ಯಾರು ಎಷ್ಟು ಹೊತ್ತು ಸುಮ್ಮನಿದ್ದಾರೆ, ಕಣ್ಣು ಯಾವ ಕಡೆ ಇದೆ ಎಂದು ನೋಡಿ ಎಷ್ಟು ಸಿಟ್ಟಿದೆ ಎಂದು ಅಳೆಯುವುದನ್ನು ಅಲ್ಲಿ ಹುಟ್ಟಿದವರು ಹಾಲಿನ ಜೊತೆಗೇ ಕಲಿಯುತ್ತಾರೆ. ಯೊಜೀನಾ ಆ ವಿದ್ಯೆಯಲ್ಲಿ ಪಳಗಿದವಳು.

ಎರಡು ಚರ್ಚಿಗೂ ಸೇರಿ ಒಬ್ಬನೇ ಪಾದ್ರಿ ಎಂದಾದ ಮೇಲೆ ಬಂದವನು ವೀರ್ಸ್ಮ. ಉತ್ತರದ ಕಡೆಯವನು, ನಲವತ್ತು ದಾಟಿದವನು, ನಗುಮುಖ. ಒಗ್ಗಟ್ಟಿನ ಬಗ್ಗೆ ಬೋಧನೆ ಮಾಡಿದರೆ ಈ ಜನ ಪೆಪ್ಪರ್‌ಮಿಂಟ್ ಚೀಪುತ್ತ ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ ಎಂಬುದು ಅವನಿಗೆ ಬೇಗ ತಿಳಿಯಿತು. ಸೆಪ್ಟೆಂಬರಿನಲ್ಲಿ ಚರ್ಚಿನ ವರ್ಷ ಶುರುವಾಗುವ ಭಾನುವಾರ ಅವನು ದೊಡ್ಡ ಬಟ್ಟೆಯೊಂದನ್ನು ಗೋಡೆಗೆ ತೂಗುಹಾಕಿದ. ಅದರ ಮೇಲೆ ‘ಒಂದೇ ಮೇಜು’ ಎಂದು ಬರೆದಿತ್ತು. ಈ ವರ್ಷದ ಗುರಿ ಇದೊಂದೇ, ತಿಂಗಳಿಗೊಮ್ಮೆ ಎರಡೂ ಕಡೆಯವರು ಕೂತು ಊಟ ಮಾಡಬೇಕು, ದೇವಶಾಸ್ತ್ರ ಆಮೇಲೆ ಎಂದ. ಮುಂದಿನ ವರ್ಷ ‘ಒಂದೇ ಹಾಡು’, ಅದರ ಮುಂದಿನ ವರ್ಷ ‘ಒಂದೇ ಸೂರು’ ಎಂದೂ ಹೇಳಿದ. ಮೂರನೆಯದನ್ನು ಆ ದಿನ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗುರಿಯನ್ನು ಬಟ್ಟೆಯ ಮೇಲೆ ಬರೆದವನು ಪಾದ್ರಿ. ಅದನ್ನು ಸೈಕಲ್ಲಿಗೆ ಹೇರಿಕೊಂಡು ಮನೆಮನೆಗೆ ಮುಟ್ಟಿಸಿದವಳು ಯೊಜೀನಾ. ಅವಳಿಗೆ ಆ ಮಾತು ನಿಜವಾಗಿಯೂ ಮನಸ್ಸಿಗೆ ನಾಟಿತ್ತು. ಮೂವತ್ತೈದು ಜನರ ಸರಾಸರಿ ವಯಸ್ಸು ಎಪ್ಪತ್ತೆಂಟು ಎಂದು ಕಾಫಿ ಕೊಡುವವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ತಿರುಗಿದಳು. ಕೊನೆಗೆ ಹೋದದ್ದು ಪಕ್ಕದ ಮನೆಯ ಕ್ರೈನ್ ದೆ ಪುಟ್ಟರನ ಹತ್ತಿರ. ಅವನು ಬಂದರೆ ಉಳಿದ ಮುದುಕರೆಲ್ಲ ಬರುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಕ್ರೈನ್ ಏರಿಗೆ ಕಲ್ಲು ಕೂರಿಸುವ ಕೆಲಸದಲ್ಲಿ ಮುದುಕನಾದವನು. ಎಂಬತ್ತೈದು ದಾಟಿದ್ದ, ಮೊಣಕಾಲು ಹೋಗಿತ್ತು, ನಾಲಿಗೆ ಚೆನ್ನಾಗಿತ್ತು. ಹೆಂಡತಿ ಮಾಟ್ಯೆ ಬದುಕಿದ್ದಾಗ ಯೊಜೀನಾ ಆ ಮನೆಯಲ್ಲೇ ಹೆಚ್ಚು ಉಂಡವಳು. ಅರವತ್ತು ದಾಟಿದ ಯೊಜೀನಾಳನ್ನು ಅವನು ಈಗಲೂ ಹುಡುಗಿ ಎಂದೇ ಕರೆಯುತ್ತಿದ್ದ. ಮಾಟ್ಯೆ ಹೋದ ಮೇಲೆ ಚರ್ಚಿನಲ್ಲಿ ಅವಳ ಪಕ್ಕಕ್ಕೇ, ಬಾಗಿಲ ಬಳಿಯ ಕೊನೆಯ ಬೆಂಚಿಗೆ ಬಂದು ಕೂರುತ್ತಿದ್ದ. ಬೋಧನೆ ಶುರುವಾದ ಕೂಡಲೇ ಜೇಬಿನಿಂದ ಪೆಪ್ಪರ್‌ಮಿಂಟಿನ ಸುರುಳಿ ತೆಗೆದು, ಉಗುರಿನಿಂದ ಕಾಗದ ಹರಿದು, ಮೊದಲನೆಯದನ್ನು ಅವಳಿಗೆ ಕೊಟ್ಟು ಎರಡನೆಯದನ್ನು ತಾನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ಭಾನುವಾರವೂ ಇದು ತಪ್ಪಿರಲಿಲ್ಲ.

“ಗೋಪುರದೋರ ಜೊತೆ ಊಟಕ್ಕಾ?” ಎಂದ ಕ್ರೈನ್. “ಅವರ ಬಟಾಣಿ ಸೂಪಿಗೆ ಉಪ್ಪು ಯಾರು ಹಾಕ್ತಾರೆ, ಊರಿನ ಕೌನ್ಸಿಲ್ಲಾ?”

“ನಾನೇ ಹಾಕ್ತೀನಿ, ಬಾ.”

“ಮಾಂಸ?”

“ಹಂದಿ ಕಾಲು ಹಾಕ್ಸಿದೀನಿ. ನಿಂಗೇ ಅಂತ ಒಂದು ತೆಗ್ದಿಟ್ಟಿರ್ತೀನಿ.”

“ಹಾಗಾದ್ರೆ ದೇವರ ಚಿತ್ತ ಇದೆ ಅಂತಾಯ್ತು,” ಎಂದು ಕೋಲು ಹುಡುಕಿದ.

ಮೊದಲ ವರ್ಷ ಹೀಗೆ ಹೊಟ್ಟೆಯ ಮೂಲಕ ದಾಟಿತು. ಎರಡನೆಯ ವರ್ಷ ಎರಡು ಹಾಡಿನ ಗುಂಪು ಒಂದಾಯಿತು. ಏರಿಯವರು ಒಂದೊಂದು ಅಕ್ಷರವನ್ನೂ ಎಳೆದೆಳೆದು ಹಾಡುವವರು, ಗೋಪುರದವರು ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಹಾಡುವವರು. ಮಧ್ಯದ ಒಂದು ವೇಗವನ್ನು ಹುಡುಕಲು ಫೆಬ್ರವರಿಯವರೆಗೆ ಹಿಡಿಯಿತು, ಅದು ಇಬ್ಬರಿಗೂ ಇಷ್ಟವಾಗಲಿಲ್ಲ. ಆದರೂ ಈಸ್ಟರಿನ ದಿನ ಎಂಬತ್ತು ಗಂಟಲುಗಳು ಒಟ್ಟಿಗೆ ಎದ್ದಾಗ ಯೊಜೀನಾ ಬಾಗಿಲ ಬಳಿ ನಿಂತು ಅತ್ತಳು. ಆ ಅಳು ಸುಳ್ಳಲ್ಲ. ಮುಂದೆ ಅವಳು ಮಾಡಿದ್ದನ್ನು ಹೇಳುವಾಗ ಇದನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ.

ಮೂರನೆಯ ವರ್ಷ ಸೂರಿನ ಪ್ರಶ್ನೆ ಬಂತು. ಗೋಪುರ ಚರ್ಚು ಸರ್ಕಾರದ ಸಂರಕ್ಷಿತ ಕಟ್ಟಡ, ಅದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಮುಚ್ಚಿ ಮಾರಬೇಕಾದದ್ದು ಏರಿ ಚರ್ಚು ಎಂದು ಮಾರ್ಚಿನಲ್ಲಿ ಸಭೆಯ ಹಿರಿಯರು ತೀರ್ಮಾನಿಸಿದರು. ನಮ್ಮಲ್ಲಿ ಇಂಥ ತೀರ್ಮಾನಕ್ಕೆ ಕೈ ಎತ್ತಿಸುವುದಿಲ್ಲ. ಎರಡು ಭಾನುವಾರ ಅದನ್ನು ಎಲ್ಲರೆದುರು ಓದುತ್ತಾರೆ. ಒಪ್ಪದವರು ಎರಡನೆಯ ಭಾನುವಾರದ ನಂತರದ ಶನಿವಾರ ಸಂಜೆ ಆರರೊಳಗೆ ಸಹಿ ಮಾಡಿದ ಆಕ್ಷೇಪಣೆಯನ್ನು ಸಭೆಯ ಕಾರ್ಯದರ್ಶಿಗೆ ಕೊಡಬೇಕು. ಕೊಟ್ಟರೆ ಅದನ್ನೂ ಎಲ್ಲರೆದುರು ಓದಬೇಕು, ಯಾರೂ ಕೊಡದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಸಿಟ್ಟು ಬಂದಾಗಲೇ ಬಾಯಿ ಮುಚ್ಚುವ ಜನರ ನಡುವೆ ಇಂಥ ನಿಯಮ ಇಟ್ಟುಕೊಂಡು ನೂರಾರು ವರ್ಷ ಕಳೆದಿದ್ದೇವೆ.

ಮೊದಲ ಭಾನುವಾರ ಓದಿದಾಗ ಏರಿ ಚರ್ಚಿನಲ್ಲಿ ಕೆಮ್ಮು ಕೂಡ ಕೇಳಲಿಲ್ಲ. ಆ ಮೌನ ಎಂಥದು ಎಂದು ಯೊಜೀನಾಗೆ ಕೂತಲ್ಲೇ ತಿಳಿಯಿತು. ಸೋಮವಾರ ಪಾದ್ರಿ ಅವಳ ಅಡುಗೆಮನೆಗೆ ಬಂದು ಕೂತ.

“ಯೊಜೀನಾ, ನಿಮ್ಮೋರು ಚೆನ್ನಾಗಿ ತಗೊಂಡ್ರು ಅನ್ನಿಸ್ತು. ಯಾರೂ ಏನೂ ಅನ್ಲಿಲ್ಲ.”

“ಅನ್ನೋದಿಲ್ಲ ಅವರು, ಪಾದ್ರಿಗಳೇ.”

“ಹಾಗೇ ಇರ್ಲಿ ಸದ್ಯ. ಒಂದೇ ಒಂದು ಪತ್ರ ಬಂದ್ರೂ ವಿಷಯ ಜಿಲ್ಲಾ ಸಭೆಗೆ ಹೋಗುತ್ತೆ, ಅಲ್ಲಿ ಒಂದು ವರ್ಷ ಕೊಳೆಯುತ್ತೆ. ಒಬ್ಬರು ಬರೆದ್ರೆ ಹತ್ತು ಜನ ಬರೀತಾರೆ. ಮೂರು ವರ್ಷದ ನಿಮ್ಮ ಶ್ರಮ ಮಣ್ಣುಪಾಲು. ಇದು ನನ್ನ ಕೆಲಸ ಅಲ್ಲ, ನಿಮ್ದು. ನೀವಿಲ್ದೆ ಇದ್ರೆ ಏನೂ ಆಗ್ತಿರ್ಲಿಲ್ಲ.”

ಮೂವತ್ತೊಂದು ವರ್ಷ ಕಾಫಿ ಕೊಟ್ಟವಳಿಗೆ ಯಾರೂ ಇಂಥ ಮಾತು ಹೇಳಿರಲಿಲ್ಲ. ಅವಳು ಉಬ್ಬಿದಳು. ಪಾದ್ರಿ ಹೋದ ಮೇಲೂ ಆ ಮಾತನ್ನು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡಳು.

ಎರಡನೆಯ ಭಾನುವಾರವೂ ಕಳೆಯಿತು. ಗುರುವಾರ ಮಧ್ಯಾಹ್ನ ಕ್ರೈನ್ ಬೇಲಿಯ ಬಳಿ ನಿಂತು ಕರೆದ.

“ಹುಡುಗಿ, ಮಿನ್ನಾರ್ಡ್ ಮನೆ ಕಡೆ ಹೋಗ್ತೀಯೇನು?”

ಆಡ್ರಿ ಮಿನ್ನಾರ್ಡ್ ಸಭೆಯ ಕಾರ್ಯದರ್ಶಿ, ಗೋಪುರದವಳು, ನಿವೃತ್ತ ಶಾಲಾ ಮಾಸ್ತರಿಣಿ.

“ಹೋಗ್ತೀನಿ. ಏನಾಗ್ಬೇಕಿತ್ತು?”

“ಇದನ್ನ ಆ ಟೀಚರಮ್ಮನ ಕೈಗೆ ಕೊಡು. ಟಪಾಲು ಡಬ್ಬಿಗೆ ಹಾಕ್ಬೇಡ, ಕೈಗೇ ಕೊಡು. ಬೇಕಾದ್ರೆ ಓದ್ಕೋ, ಅಂಟಿಸಿಲ್ಲ. ನಿನ್ನ ಹತ್ರ ಮುಚ್ಚಿಡೋದೇನಿದೆ?”

ಗೆರೆ ಎಳೆದ ಹಾಳೆಯಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ ಬರೆದಿದ್ದ. ‘ಏರಿ ಚರ್ಚು ಮುಚ್ಚುವುದಕ್ಕೆ ನನ್ನ ಆಕ್ಷೇಪಣೆ ಇದೆ. ಕಾರಣ: ನಾನಿನ್ನೂ ಸತ್ತಿಲ್ಲ. ಕ್ರೈನ್ ದೆ ಪುಟ್ಟರ್.’

“ಇದೇನು ಕಾರಣ ಅಂತ ಬರ್ದಿದೀಯಾ?” ಯೊಜೀನಾ ನಗಲು ನೋಡಿದಳು. ಅವನು ನಗಲಿಲ್ಲ.

“ಏರಿ ಒಡೆದ ಆ ಪ್ರವಾಹ ಇಳಿದ ಮೇಲೆ ಚರ್ಚಿನ ಹೊಸ್ತಿಲ ಕಲ್ಲು ಕೂರಿಸಿದ್ದು ನಾನು. ಹದಿನೇಳು ವರ್ಷ ಆಗ. ಮಾಟ್ಯೆ ಅದನ್ನ ದಾಟ್ಕೊಂಡು ಮದುವೆಗೆ ಒಳಗೆ ಬಂದ್ಲು, ಅದನ್ನೇ ದಾಟ್ಕೊಂಡು ಪೆಟ್ಟಿಗೇಲಿ ಹೊರಗೆ ಹೋದ್ಲು. ನಾನೂ ಅದರ ಮೇಲಿಂದ್ಲೇ ಹೋಗ್ಬೇಕು. ಬಹಳ ಕಾಯಿಸೋದಿಲ್ಲ ನಾನು. ಆಮೇಲೆ ಮಾರ್ಲಿ, ಒಳಗೆ ಹಂದಿ ಕಟ್ಲಿ, ಬೇಡ ಅಂದವರ್ಯಾರು?”

ಯೊಜೀನಾ ಪತ್ರವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದಳು. ಮಿನ್ನಾರ್ಡ್ ಮನೆಯ ಮುಂದೆ ಇಳಿದಳು ಕೂಡ. ಆಡ್ರಿ ಕಿಟಕಿಯ ಒಳಗೆ ಹೂಕುಂಡಕ್ಕೆ ನೀರು ಹಾಕುತ್ತಿದ್ದವಳು ಇವಳನ್ನು ಕಂಡು ಕೈ ಬೀಸಿದಳು. ಒಂದು ಪತ್ರ ಬಂದರೆ ಒಂದು ವರ್ಷ, ಅಷ್ಟರಲ್ಲಿ ಎಲ್ಲರೂ ಮತ್ತೆ ತಮ್ಮ ತಮ್ಮ ಮೂಲೆ ಹಿಡಿಯುತ್ತಾರೆ, ಈಸ್ಟರಿನ ಆ ಹಾಡು ಮತ್ತೆ ಕೇಳುವುದಿಲ್ಲ. ಕ್ರೈನನಿಗೆ ತಾನು ಸಮಾಧಾನ ಹೇಳಿದರೆ ಸಾಕು, ತನ್ನ ಮಾತನ್ನು ಅವನು ಎಂದಾದರೂ ತೆಗೆದುಹಾಕಿದ್ದಾನೆಯೇ? ಹೀಗೆ ಲೆಕ್ಕ ಹಾಕುತ್ತ ಅವಳೂ ಕೈ ಬೀಸಿದಳು, ಬೀಸಿ ಸೈಕಲ್ ಹತ್ತಿ ಮನೆಗೆ ಬಂದಳು. ಪತ್ರವನ್ನು ತಾಯಿಯ ಕಾಲದ ಕೀರ್ತನೆ ಪುಸ್ತಕದೊಳಗಿಟ್ಟು ಅದರ ಬೆಳ್ಳಿಯ ಕೊಂಡಿ ಒತ್ತಿದಳು.

ಶುಕ್ರವಾರ ಕ್ರೈನ್ ಕೇಳಿದ. “ಕೊಟ್ಯಾ?”

ಸಮಾಧಾನ ಹೇಳಬೇಕೆಂದು ಹೋದವಳ ಬಾಯಿಂದ ಬಂದದ್ದು, “ಕೊಟ್ಟೆ.”

“ಏನಂದ್ಲು?”

“ಏನೂ ಅನ್ಲಿಲ್ಲ.”

ಎರಡನೆಯ ಮಾತಾದರೂ ನಿಜವಿತ್ತು.

ಭಾನುವಾರ ಪಾದ್ರಿ ಓದಿದ. ಗೊತ್ತುಪಡಿಸಿದ ಸಮಯದೊಳಗೆ ನಿಯಮಬದ್ಧವಾದ ಆಕ್ಷೇಪಣೆ ಒಂದೂ ಬಂದಿಲ್ಲ, ಆದ್ದರಿಂದ ಸಭೆ ಒಮ್ಮನಸ್ಸಿನಿಂದ ಒಪ್ಪಿದೆ, ದೇವರಿಗೆ ಸ್ತೋತ್ರ. ಯೊಜೀನಾ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ಕ್ರೈನ್ ಕದಲಲಿಲ್ಲ. ಬೋಧನೆ ಶುರುವಾಯಿತು. ಪೆಪ್ಪರ್‌ಮಿಂಟಿನ ಸುರುಳಿ ಹೊರಗೆ ಬಂತು, ಕಾಗದ ಹರಿಯಿತು. ಮೊದಲನೆಯದನ್ನು ಕ್ರೈನ್ ತನ್ನ ಬಾಯಿಗೆ ಹಾಕಿಕೊಂಡು ಸುರುಳಿಯನ್ನು ಮತ್ತೆ ಜೇಬಿಗಿಳಿಸಿದ. ಮುಂದಿನ ಬೆಂಚುಗಳಲ್ಲಿ ಎರಡು ಮೂರು ತಲೆಗಳು ಹಿಂದೆ ತಿರುಗಿ ಅವರಿಬ್ಬರನ್ನೂ ನೋಡಿದವು.

ಅಷ್ಟೇ. ಅವನು ಬೈಯಲಿಲ್ಲ, ಯಾಕೆ ಎಂದು ಕೇಳಲಿಲ್ಲ, ಪಾದ್ರಿಯ ಹತ್ತಿರ ಹೋಗಲಿಲ್ಲ. ಅವಳು ತಂದುಕೊಟ್ಟ ಸೂಪು ಕುಡಿದ, ಗಾಳಿ ಯಾವ ಕಡೆಯಿಂದ ಎಂದು ಹೇಳಿದ, ಪಾತ್ರೆ ತೊಳೆದು ಹಿಂದಿರುಗಿಸಿದ. ಹುಡುಗಿ ಎನ್ನುವುದನ್ನು ಮಾತ್ರ ಬಿಟ್ಟ. ಅಂದಿನಿಂದ ಅವಳು ಅವನಿಗೆ ಬರೀ ಯೊಜೀನಾ ಆದಳು. ಅವನು ಒಂದು ಸಲ ಉಗಿದು ಬುದ್ಧಿ ಹೇಳಿದ್ದರೆ ಅವನ ಕಾಲು ಹಿಡಿಯುತ್ತಿದ್ದಳು. ಸಂಜೆ ಸಂಜೆ ಬೇಲಿಯ ಬಳಿ ಸುಮ್ಮನೆ ಕಾದು ನಿಲ್ಲುತ್ತಿದ್ದಳು, ಅವನು ಟೋಪಿ ಮುಟ್ಟಿ ಒಳಗೆ ಹೋಗುತ್ತಿದ್ದ.

ಆಗಸ್ಟಿನ ಕೊನೆಗೆ ಏರಿ ಚರ್ಚು ಮುಚ್ಚಿತು. ಬೀಗದ ಕೈಯನ್ನು ಯೊಜೀನಾಳೇ ಮೊಳೆಯಿಂದ ತೆಗೆದುಕೊಟ್ಟಳು. ಗೋಪುರ ಚರ್ಚಿನ ಕೆಲಸ ಸರದಿಯ ಮೇಲೆ ನಡೆಯುತ್ತಿತ್ತು, ಅವಳ ಪಾಲಿಗೆ ಏಳು ವಾರಕ್ಕೊಮ್ಮೆ ಕಾಫಿ ಬಂತು. ಏರಿ ಚರ್ಚನ್ನು ಕೊಂಡವನು ಪಟ್ಟಣದವನು, ಚಳಿಗಾಲದಲ್ಲಿ ಜನರ ಕ್ಯಾರವಾನುಗಳನ್ನು, ಕಾರಿನ ಹಿಂದೆ ಎಳೆದೊಯ್ಯುವ ಚಕ್ರದ ಮನೆಗಳನ್ನು, ನಿಲ್ಲಿಸಿಕೊಂಡು ಬಾಡಿಗೆ ಎತ್ತುವವನು. ಅಕ್ಟೋಬರಿನಲ್ಲಿ ಒಳಗೆ ಹದಿನೇಳು ಬಿಳಿ ಕ್ಯಾರವಾನುಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತವು.

ನವೆಂಬರಿನಲ್ಲಿ ಕ್ರೈನ್ ಸತ್ತ. ಹೇಳಿದಂತೆ ಬಹಳ ಕಾಯಿಸಲಿಲ್ಲ.

ಯೊಜೀನಾ ಆ ದಿನವೇ ಕ್ಯಾರವಾನಿನವನ ಬಳಿ ಹೋದಳು. ಹತ್ತು ನಿಮಿಷ ಬಾಗಿಲು ತೆಗೆದುಕೊಡಿ, ಪೆಟ್ಟಿಗೆಯನ್ನು ಒಳಗೆ ತಂದು ಹೊರಗೆ ಒಯ್ಯುತ್ತೇವೆ ಎಂದು ಬೇಡಿದಳು. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟ, ಸಂತಾಪ ಹೇಳಿದ. ಬಾಗಿಲಿಗೇ ಎರಡು ಗಾಡಿ ಒರಗಿಸಿದ್ದೇವಮ್ಮ, ಏಪ್ರಿಲ್ ಮೊದಲು ಒಂದನ್ನೂ ಅಲ್ಲಾಡಿಸುವ ಹಾಗಿಲ್ಲ ಎಂದ. ಏಪ್ರಿಲ್‌ವರೆಗೆ ಹೆಣ ಇಟ್ಟುಕೊಂಡು ಕೂರಲಾಗುತ್ತದೆಯೇ?

ಗೋಪುರ ಚರ್ಚಿನಲ್ಲಿ ಅಂತ್ಯಕ್ರಿಯೆ ನಡೆಯಿತು. ಪಾದ್ರಿ ಚೆನ್ನಾಗಿಯೇ ಮಾತಾಡಿದ. “ನಮ್ಮ ಕ್ರೈನ್ ಅವರಿಗೆ ತಮ್ಮ ಪುಟ್ಟ ಚರ್ಚು ಪ್ರಾಣವಾಗಿತ್ತು. ಆದರೂ ಎಲ್ಲರ ಒಳಿತಿಗಾಗಿ ಅವರು ಒಂದು ಮಾತಾಡದೆ ಅದನ್ನು ಬಿಟ್ಟುಕೊಟ್ಟರು. ಒಂದು ಸಾಲಿನ ಆಕ್ಷೇಪಣೆಯನ್ನೂ ಬರೆಯಲಿಲ್ಲ. ಇದು ದೊಡ್ಡ ಮನಸ್ಸು.” ಗೋಪುರದವರು ತಲೆದೂಗಿದರು. ಏರಿಯವರು ನೆಲ ನೋಡಿದರು.

ಮಣ್ಣು ಮಾಡಿ ಬಂದ ಮೇಲೆ ಯೊಜೀನಾ ಪಾದ್ರಿಯ ಕೋಣೆಗೆ ಹೋಗಿ ಕೀರ್ತನೆ ಪುಸ್ತಕದಿಂದ ಪತ್ರ ತೆಗೆದು ಮುಂದಿಟ್ಟಳು, ನಡೆದದ್ದನ್ನೆಲ್ಲ ಹೇಳಿದಳು. ವೀರ್ಸ್ಮ ಓದಿದ. ‘ನಾನಿನ್ನೂ ಸತ್ತಿಲ್ಲ’ ಎಂಬಲ್ಲಿ ಅವನ ತುಟಿ ಸಣ್ಣಗೆ ನಕ್ಕಿತು.

“ಇದನ್ನ ಮನಸ್ಸಿಗೆ ಹಚ್ಕೋಬೇಡಿ ಯೊಜೀನಾ. ಒಂದು ಪತ್ರದಿಂದ ಏನೂ ಆಗ್ತಿರ್ಲಿಲ್ಲ.”

“ಒಂದು ಬಂದ್ರೂ ಒಂದು ವರ್ಷ ನಿಲ್ಲುತ್ತೆ ಅಂದಿದ್ರಿ.”

“ಹಾಗಂದಿದ್ನಾ?”

“ನನ್ನ ಅಡುಗೆಮನೇಲಿ ಕೂತು ಅಂದಿದ್ರಿ. ಒಂದು ವರ್ಷ ನಿಂತಿದ್ರೆ ಅವನು ಆ ಹೊಸ್ತಿಲ ಮೇಲಿಂದ್ಲೇ ಹೋಗಿರ್ತಿದ್ದ.”

ಪಾದ್ರಿ ಪತ್ರವನ್ನು ಮಡಿಸಿ ಅವಳ ಪುಸ್ತಕದೊಳಗೇ ಇಟ್ಟ. “ದೇವರಿಗೆ ಎಲ್ಲ ಗೊತ್ತಿದೆ. ಇದು ನಮ್ಮಿಬ್ಬರಲ್ಲೇ ಇರ್ಲಿ. ಈಗ ಜನರ ಮನಸ್ಸು ಕೂಡ್ತಾ ಇದೆ.”

ಅವನೂ ಕೊಂಡಿ ಒತ್ತಿಯೇ ಕೊಟ್ಟ.

ಆ ಸೆಪ್ಟೆಂಬರಿನಲ್ಲಿ ಶುರುವಾದ ನಾಲ್ಕನೆಯ ವರ್ಷದ ಬಟ್ಟೆಯ ಮೇಲೆ ಏನು ಬರೆದಿತ್ತು ಎಂದು ಹೇಳಲಿಲ್ಲ ಅಲ್ಲವೇ? ‘ಒಬ್ಬರ ಮಾತನ್ನೊಬ್ಬರು ಕೇಳೋಣ’ ಎಂದು ಬರೆದಿತ್ತು. ಆ ಗುರಿಯ ಅಂಗವಾಗಿ ಏರಿಯವರ ಕಡೆಯಿಂದಲೂ ಒಬ್ಬರು ಹಿರಿಯರ ಸಾಲಿನಲ್ಲಿರಬೇಕು ಎಂದಾಯಿತು. ಜನವರಿಯಲ್ಲಿ ಪಾದ್ರಿ ಎರಡು ಭಾನುವಾರ ಒಂದು ಹೆಸರನ್ನು ಓದಿದ, ಯೊಜೀನಾ ಕೊಪ್ಮೆಲ್ಸ್. ಇವಳನ್ನು ಹಿರಿಯಳಾಗಿ ನೇಮಿಸುವುದಕ್ಕೆ ಆಕ್ಷೇಪಣೆ ಇರುವವರು ಶನಿವಾರ ಸಂಜೆ ಆರರೊಳಗೆ ಬರೆದು ಕೊಡಬೇಕು.

ಬೇಡ ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಬೇಡ ಎಂದರೆ ಆರೋಗ್ಯ ಸರಿಯಿಲ್ಲ ಎಂದು ಓದುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಅವಳಿಗೆ ಬೇಕಾದದ್ದು ಒಂದೇ, ಕ್ರೈನನ ಪತ್ರ ಒಮ್ಮೆ ಎಲ್ಲರೆದುರು ಓದಿಸಿಕೊಳ್ಳಬೇಕು. ಒಂದು ಸಾಲಿನ ಆಕ್ಷೇಪಣೆಯನ್ನೂ ಬರೆಯದ ದೊಡ್ಡ ಮನಸ್ಸಿನವನು ಎಂಬ ಸುಳ್ಳು ಅವನ ಮೇಲಿನ ಕಲ್ಲಿಗಿಂತ ಭಾರವಾಗಿ ಕೂತಿತ್ತು. ಶನಿವಾರ ಮಧ್ಯಾಹ್ನ ಅವಳು ಮೇಜಿನ ಮುಂದೆ ಕೂತು ಬರೆದಳು. ಈ ಹೆಂಗಸನ್ನು ಹಿರಿಯಳಾಗಿ ನೇಮಿಸಬಾರದು, ಏಕೆಂದರೆ ನಂಬಿ ಕೊಟ್ಟ ಪತ್ರವನ್ನು ಮುಚ್ಚಿಟ್ಟು ಕೊಟ್ಟೆನೆಂದು ಸುಳ್ಳು ಹೇಳಿದ್ದಾಳೆ, ಆ ಪತ್ರ ಇದರ ಜೊತೆಗಿದೆ. ಕೆಳಗೆ ಸಹಿ ಹಾಕಿದಳು.

ಈ ಸಲ ಮಿನ್ನಾರ್ಡ್ ಮನೆಯ ಬೆಲ್ ಒತ್ತಿದಳು. ಆಡ್ರಿ ಎರಡೂ ಹಾಳೆಯನ್ನು ಓದಿದಳು, ಮತ್ತೊಮ್ಮೆ ಓದಿದಳು, ಕನ್ನಡಕ ತೆಗೆದಳು.

“ಯೊಜೀನಾ, ನಿನ್ನ ಮೇಲೆ ನೀನೇ ಆಕ್ಷೇಪಣೆ ಕೊಡೋಕಾಗಲ್ಲ ಕಣೇ. ನಿಯಮದಲ್ಲಿ ಇಲ್ಲ. ಸಭೆಯ ಬೇರೆ ಸದಸ್ಯರು ಕೊಡ್ಬೇಕು.”

“ಕೊಡ್ಬೇಕಾದೋನು ಸ್ಮಶಾನದಲ್ಲಿದಾನೆ.”

“ಅವನ ಪತ್ರಕ್ಕೂ ಅವಧಿ ಮುಗಿದು ವರ್ಷಕ್ಕೆ ಬಂತು. ಅದೂ ಚರ್ಚಿನ ವಿಷಯಕ್ಕೆ ಬರ್ದಿರೋದು, ನಿನ್ನ ವಿಷಯಕ್ಕಲ್ಲ.” ಆಡ್ರಿಯ ದನಿ ಕೆಟ್ಟದಾಗೇನೂ ಇರಲಿಲ್ಲ, ತಪ್ಪಿಗೆ ಕೆಂಪು ಗೆರೆ ಎಳೆಯುವ ಮಾಸ್ತರಿಣಿಯ ದನಿ. “ನೀನು ಇಷ್ಟು ಮನಸ್ಸಾಕ್ಷಿ ಇರೋಳು ಅಂತ್ಲೇ ನಿನ್ನ ಹೆಸರು ಬಂದಿರೋದು. ತಗೋ ಎರಡೂ ಹಾಳೆ, ಇದನ್ನ ನಾನು ನೋಡ್ಲಿಲ್ಲ ಅಂದ್ಕೊ. ಕೂತ್ಕೋ, ಕಾಫಿ ಕುಡಿ.”

ಕಾಫಿ ಬಂತು, ಒಂದೇ ಒಂದು ಬಿಸ್ಕತ್ತು ಬಂತು, ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಮುಚ್ಚಿತು. ಗಡಿಯಾರ ಆರು ಹೊಡೆಯುವವರೆಗೆ ಇಬ್ಬರೂ ಕೂತಿದ್ದರು. ಯಾರೂ ಬರಲಿಲ್ಲ. ಏರಿಯವರಲ್ಲಿ ಕೆಲವರಿಗಾದರೂ ವಿಷಯ ಗೊತ್ತಿತ್ತು ಎಂದು ಯೊಜೀನಾ ಬಲ್ಲಳು. ಆ ಪೆಪ್ಪರ್‌ಮಿಂಟಿನ ಭಾನುವಾರ ಹಿಂದೆ ತಿರುಗಿ ನೋಡಿದ ಕಣ್ಣುಗಳನ್ನು ಅವಳು ಮರೆತಿರಲಿಲ್ಲ. ಅವರಲ್ಲಿ ಒಬ್ಬರು, ಒಬ್ಬರಾದರೂ, ಒಂದು ಸಾಲು ಬರೆದು ತಂದಾರು ಎಂದು ಕೊನೆಯ ನಿಮಿಷದವರೆಗೂ ಬಾಗಿಲ ಕಡೆ ನೋಡುತ್ತಿದ್ದಳು.

ಮರುದಿನ ಅವಳನ್ನು ಗೋಪುರ ಚರ್ಚಿನ ಮುಂದಿನ ಸಾಲಿನಲ್ಲಿ, ಆಡ್ರಿಯ ಪಕ್ಕದಲ್ಲಿ ಕೂರಿಸಿದರು. ಪಾದ್ರಿ ಓದಿದ. “ಗೊತ್ತುಪಡಿಸಿದ ಸಮಯದೊಳಗೆ ನಿಯಮಬದ್ಧವಾದ ಆಕ್ಷೇಪಣೆ ಒಂದೂ ಬಂದಿಲ್ಲ.” ಹಿಂದಿನ ಬೆಂಚುಗಳಿಂದ ಏರಿಯವರ ಮೌನ ಎದ್ದು ಬಂದು ಅವಳ ಬೆನ್ನಿಗೆ ತಗುಲಿತು. ಕೆಮ್ಮಿಲ್ಲ, ಕಾಗದದ ಸದ್ದಿಲ್ಲ. ಅದರ ಅಳತೆ ಅವಳಿಗೆ ಗೊತ್ತಿತ್ತು. ಪಾದ್ರಿ ಅವಳನ್ನು ನೋಡಿ ನಕ್ಕು, ಪದ್ಧತಿಯಂತೆ, ಈ ಹೊಣೆಯನ್ನು ಹೊರುತ್ತೀರಾ ಎಂದು ಕೇಳಿದ.

ಯೊಜೀನಾ ಎದ್ದು ನಿಂತಳು. ಪುಸ್ತಕದ ಕೊಂಡಿಯ ಮೇಲೆ ಹೆಬ್ಬೆರಳಿತ್ತು. ಇಲ್ಲ ಎನ್ನಬೇಕು, ಪತ್ರ ತೆಗೆದು ಗಟ್ಟಿಯಾಗಿ ಓದಬೇಕು ಎಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದಳು. ಎದೆಯಲ್ಲಿ ಬೆಂಕಿ ಇತ್ತು, ಆದರೆ ಹುಟ್ಟಿದ್ದು ಏರಿಯವರ ಮನೆಯಲ್ಲಿ. ಕಣ್ಣು ನೆಲಕ್ಕೆ ಹೋಯಿತು, ತುಟಿ ಬಿಗಿಯಿತು. ಸಿಟ್ಟನ್ನು ಅವಳ ತಾಯಿ ಹೇಳುತ್ತಿದ್ದ ಹಾಗೆ, ಕ್ರೈನ್ ಹೇಳಿದ ಹಾಗೆಯೇ, ಅವಳೂ ಹೇಳಿದಳು, ಒಂದು ಮಾತೂ ಆಡದೆ ನಿಂತಳು.

ಪಾದ್ರಿ ಎರಡು ಕ್ಷಣ ಕಾದ. ಆಮೇಲೆ ಆಡ್ರಿ ಮಿನ್ನಾರ್ಡ್ ಪೆನ್ನು ತೆಗೆದು ದಾಖಲೆಯ ಪುಸ್ತಕದಲ್ಲಿ, ಒಪ್ಪಿದ್ದಾರೆ ಎಂದು ಬರೆದುಕೊಂಡಳು.